ಅಂಚಿಲ್ಲದ ಪಂಚೆ

ನನ್ನ ಮಗನಿಗೆ ನಾನು ಲಾಳಿಯಿಂದ ಹೊಡೆದೆ. ಕೈಯಿಂದ ಹೊಡೆದದ್ದು ಎಷ್ಟು ಸಲವೋ ನನಗೆ ನೆನಪಿಲ್ಲ, ಅವನ ತಾಯಿಗೆ ನೆನಪಿತ್ತು. ಲಾಳಿಯಿಂದ ಹೊಡೆದದ್ದು ಮಾತ್ರ ಒಂದೇ ಸಲ. ನಮ್ಮ ಲಾಳಿಗೆ ಎರಡೂ ತುದಿಯಲ್ಲಿ ಕಬ್ಬಿಣದ ಮೂತಿ ಇರುತ್ತದೆ, ಎಳೆಗಳ ನಡುವೆ ತಡೆಯಿಲ್ಲದೆ ನುಗ್ಗಲಿ ಎಂದು. ಆ ಮೂತಿ ಅವನ ಹುಬ್ಬಿನ ಮೇಲೆ ಬಿತ್ತು. ರಕ್ತ ಮಗ್ಗದ ಮೇಲಿನ ಬಿಳಿ ಬಟ್ಟೆಗೆ ಚಿಮ್ಮಿತು. ಆಗ ನನಗೆ ಮೊದಲು ಹೊಳೆದದ್ದು, ಅಯ್ಯೋ ಬಟ್ಟೆ ಹಾಳಾಯಿತಲ್ಲ ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಮೇಟ್ಟೂರು ಅಣೆ ಕಟ್ಟಿ ಮುಗಿದ ಮರುವರ್ಷದ ಮಾತು ಇದು. ಸೇಲಂ ಪಟ್ಟಣದಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವರು ಬೀದಿಗೆಲ್ಲ ನಾಲ್ಕೋ ಐದೋ ಜನ. ನಾನು ಮಠದ ಅಯ್ಯನ ಹತ್ತಿರ ಮರಳಿನ ಮೇಲೆ ಬೆರಳಾಡಿಸಿ ಕಲಿತವನು, ಆದ್ದರಿಂದಲೇ ಇಷ್ಟಾದರೂ ಬರೆಯುತ್ತಿದ್ದೇನೆ.

ಆ ದಿನ ಆಯುಧಪೂಜೆ. ಮನೆಯ ಎರಡು ಮಗ್ಗಗಳಿಗೂ ಕುಂಕುಮ ಹಚ್ಚಿ, ಹೂವು ಮುಡಿಸಿ, ಮಗನನ್ನು ಕರೆದೆ. ಇಪ್ಪತ್ತು ವರ್ಷದವನು. ಬರಲಿಲ್ಲ. ಅವನ ಮಗ್ಗದ ಗೂಟಕ್ಕೆ ಏನೋ ನೇತು ಹಾಕಿದ್ದು ಕಂಡಿತು. ಹತ್ತಿರ ಹೋಗಿ ನೋಡಿದರೆ ಜನಿವಾರ. ನಮ್ಮಲ್ಲಿ ಗಂಡಸರೆಲ್ಲ ಜನಿವಾರ ಹಾಕುತ್ತೇವೆ. ದೇವರು ನೇಕಾರನಿಗೆ ಕೊಟ್ಟ ಮೊದಲ ನೂಲು ಅದು ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ಹರಿದಿರಲಿಲ್ಲ, ಎಸೆದಿರಲಿಲ್ಲ. ನೀಟಾಗಿ ಮಡಿಸಿ, ನಾವು ನೂಲಿನ ಲಡಿ ತೂಗುಹಾಕುವ ಹಾಗೆ ತೂಗುಹಾಕಿದ್ದ. ಹಿತ್ತಲಲ್ಲಿ ನಿಂತಿದ್ದವನನ್ನು ರಟ್ಟೆ ಹಿಡಿದು ಎಳೆತಂದು, ಇದೇನು ಎಂದು ಕೇಳಿದೆ. ಮಿಷನ್ನಿನವರ ದೇವಸ್ಥಾನದಲ್ಲಿ ಜ್ಞಾನಸ್ನಾನ ಮಾಡಿಸಿಕೊಂಡೆ, ಅವರ ಜೊತೆ ಸೇರಿದೆ ಎಂದ. ಇನ್ನೇನಾದರೂ ಹೇಳುತ್ತಿದ್ದನೋ ಏನೋ, ಅಷ್ಟರಲ್ಲಿ ಪೂಜೆಗೆ ಇಟ್ಟಿದ್ದ ಲಾಳಿ ನನ್ನ ಕೈಗೆ ಬಂದಿತ್ತು.

ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಮೊದಲಾದರೂ ಏನು ಮಾತಾಡುತ್ತಿದ್ದ? ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ನಮ್ಮ ಮನೆಯಲ್ಲಿ ಪೆಟ್ಟಿಗೆ ತುಂಬ ಬಂಗಾರ ಇರಬೇಕಿತ್ತು. ಚಿಕ್ಕಂದಿನಿಂದಲೂ ಅವನದು ಒಂದೇ ಮಾತು, ಅದೂ ತಮಿಳಿನಲ್ಲಿ: 'ವೇಂಡಾಂ.' ಬೇಡ. ದೀಪಾವಳಿಗೆ ಜರಿ ಅಂಚಿನ ಪಂಚೆ ನೇಯ್ದು ಕೊಟ್ಟರೆ ಅದು ಪೆಟ್ಟಿಗೆಯ ತಳ ಸೇರಿತು. ಜಪಾನಿನ ಹೊಳೆಯುವ ಬಟ್ಟೆಯ ಅಂಗಿ ಹೊಲಿಸಿದರೆ ಒಂದು ದಿನ ತೊಟ್ಟು ತಾಯಿಯ ಕೈಗೆ ಕೊಟ್ಟ, ಅವಳು ಅದರಲ್ಲಿ ಬೇಳೆ ಕಟ್ಟಿಟ್ಟಳು. ಒಂದು ವರ್ಷ ಕಾದಾಡುವ ಹುಂಜ ತಂದುಕೊಟ್ಟೆ, ಹುಡುಗರಿಗೆ ಅದಾದರೂ ಹುರುಪು ಕೊಡುತ್ತದೆ ಎಂದು. ಅದರ ಕಾಲಿನ ಹಗ್ಗ ಬಿಚ್ಚಿ ಬಿಟ್ಟುಬಿಟ್ಟ. ಮೂರು ಬೀದಿ ಓಡಿ ಹಿಡಿದು ತಂದು, ಹುಂಜದ ಕತ್ತು ತಿರುಚಿದೆ, ಮಗನಿಗೂ ಎರಡು ಬಿಟ್ಟೆ.

ನಮ್ಮ ಬೀದಿಯ ಒಂದು ಕಟ್ಟಳೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿನ ಹಾಸನ್ನು ನಾವು ಪಾವು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಬೆಳಗಿನ ತಂಪಿನಲ್ಲಿ ಶುರುವಾಗಿ ಬಿಸಿಲೇರುವ ಮೊದಲು ಮುಗಿಯಬೇಕು, ಇಲ್ಲವಾದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಅದಕ್ಕೆ ಎಂಟು ಹತ್ತು ಕೈ ಬೇಕು. ಕೂಲಿ ಕೊಟ್ಟು ಕರೆಯುವ ಕೆಲಸ ಅಲ್ಲ ಅದು. ನನ್ನ ಪಾವಿಗೆ ನೀನು, ನಿನ್ನ ಪಾವಿಗೆ ನಾನು. ಬೀದಿಯ ಕೈ ಸಿಗದ ನೇಕಾರನ ಮಗ್ಗ ಎರಡು ಮೂರು ತಿಂಗಳಲ್ಲಿ ನಿಲ್ಲುತ್ತದೆ.

ದಸರೆ ಮುಗಿದ ವಾರಕ್ಕೆ ಬೀದಿಯ ಯಜಮಾನ ನನ್ನನ್ನು ಕಟ್ಟೆಗೆ ಕರೆಸಿದ. ಸುತ್ತ ಎಲ್ಲ ಮನೆಯ ಗಂಡಸರು.

"ನಿನ್ ಮಗ ನಮ್ಗೆ ಸತ್ತ," ಎಂದ. "ನಿನ್ಗೂ ಸಾಯ್ಬೇಕು. ಬಾವಿ ಮುಂದೆ ಮಡ್ಕೆ ಒಡ್ದು, ತಲೆ ಮೇಲೆ ನೀರ್ ಉಯ್ಕೊಂಡು, ತಿಥಿ ಮಾಡ್ಬಿಡು. ತೈ ಉಟ್ಟೋದ್ರೊಳ್ಗೆ ಆಗ್ಬೇಕು. ಅಲ್ಲೀವರ್ಗೂ ನಿನ್ ಪಾವಿಗೆ ಒಂದ್ ಕೈ ಬರಲ್ಲ."

ಬದುಕಿರುವ ಮಗನಿಗೆ ಸಾವಿನ ಕರ್ಮ ಮಾಡಿ ಮನೆಯಿಂದ ಹೊರಗೆ ಹಾಕುವುದು. ತೈ ಹುಟ್ಟಲು, ಅಂದರೆ ಸಂಕ್ರಾಂತಿಗೆ, ಮೂರು ತಿಂಗಳಿತ್ತು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಿಜ ಹೇಳುತ್ತೇನೆ: ಆಗ ನನ್ನ ಮನಸ್ಸಿನ ಅರ್ಧ ಅವರ ಕಡೆಗೇ ಇತ್ತು. ಮಗನಿಗೆ ಹಿತ್ತಲ ಜಗಲಿ ತೋರಿಸಿದೆ. ಬೇರೆ ತಟ್ಟೆ, ಬೇರೆ ಚೊಂಬು. ಮುಂಬಾಗಿಲಲ್ಲಿ ಬರಬಾರದು, ಮಗ್ಗ ಮುಟ್ಟಬಾರದು. ಅವನು ಎಲ್ಲಕ್ಕೂ ತಲೆಯಾಡಿಸಿದ. ಹುಬ್ಬಿನ ಗಾಯಕ್ಕೆ ಅವನ ತಾಯಿ ಅರಿಶಿನ ಒತ್ತಿದ್ದಳು.

ಅವನ ತಾಯಿ ಮೊರಪ್ಪೂರಿನ ಕಡೆಯವಳು. ಮದುವೆಯಾದಾಗಿನಿಂದ ನನ್ನನ್ನು 'ನೀವು' ಬಿಟ್ಟು ಮಾತಾಡಿಸಿದವಳಲ್ಲ. ಕಾರ್ತಿಕದ ಒಂದು ಮಧ್ಯಾಹ್ನ, ಜಗಲಿಯಲ್ಲಿ ಅವನು ಉಣ್ಣುತ್ತಿರುವಾಗ, ಯಾವುದೋ ಸಿಟ್ಟಿಗೆ ನಾನು ಅವನ ತಟ್ಟೆಯನ್ನು ಕಾಲಿನಿಂದ ಒದ್ದೆ. ರಾಗಿ ಮುದ್ದೆ ಮಣ್ಣಿಗೆ ಉರುಳಿತು. ಅವನು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದ. ಹೆಂಡತಿ ಒಲೆಯಿಂದ ಉರಿಯುತ್ತಿದ್ದ ಸೌದೆ ಎಳೆದುಕೊಂಡು ಬಂದು ನನ್ನ ಮುಖದ ಹತ್ತಿರ ಹಿಡಿದಳು.

"ಇನ್ನೊಂದ್ಸಲ ಅವ್ನ ಮೇಲೆ ಕೈಯೋ ಕಾಲೋ ಎತ್ತಿದ್ರೆ, ಇದ್ನ ನಿನ್ ಗಡ್ಡಕ್ಕೆ ಇಕ್ತೀನಿ," ಎಂದಳು. ನಿನ್ ಎಂದಳು. ಬೆಂಕಿಗಿಂತ ಅದು ಹೆಚ್ಚು ಸುಟ್ಟಿತು.

"ಅವ್ನು ಮಾಡಿದ್ದು ಸರೀನಾ?"

"ಯಾಕ್ ಅಲ್ಲಿಗ್ ಓದೆ ಅಂತ ನಾನ್ ಕೇಳ್ದೆ. ನೀನ್ ಕೇಳ್ಲಿಲ್ಲ, ನಾನ್ ಕೇಳ್ದೆ. ಅಲ್ಲಿ ಯಾರೂ ಕೂಗಾಡಲ್ಲ ಅಮ್ಮ ಅಂದ. ಅಷ್ಟೇ ಅಂದಿದ್ದು."

ಸೌದೆಯ ಕಿಡಿ ನನ್ನ ಕಾಲ ಮೇಲೆ ಬಿತ್ತು. ನಾನು ಸರಿಯಲಿಲ್ಲ. ಅವಳು ಅದನ್ನು ಒಲೆಗೆ ವಾಪಸು ತಳ್ಳಿ, ಬೆನ್ನು ಮಾಡಿ ನಿಂತು ಉಳಿದದ್ದನ್ನೂ ಹೇಳಿದಳು. ಅವರ ದೊಡ್ಡ ಹಬ್ಬ ಮಾರ್ಗಳಿ ತಿಂಗಳಲ್ಲಿ ಬರುತ್ತದಂತೆ, ಕ್ರಿಸ್ಮಸ್ಸು. ಅದು ಮುಗಿದ ಮೇಲೆ ಮೇಟ್ಟೂರಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಮಿಷನ್ನಿನವರು ಹೇಳಿದ್ದಾರಂತೆ. ಹಬ್ಬದ ಮಾರನೆಯ ದಿನ ಇವನು ಹೊರಡುತ್ತಾನೆ. ತಾಯಿಯಿಂದ ಆಣೆ ಹಾಕಿಸಿಕೊಂಡಿದ್ದಾನೆ, ಯಾರೂ ಬಂದು ಕರೆಯಬಾರದು ಎಂದು.

"ಆ ಅಬ್ಬದಾಗೆ ಮನೆಯೋರು ಮಕ್ಳಿಗೆ ಏನಾನ ಕೊಡ್ತಾರಂತೆ," ಎಂದಳು. ಮತ್ತೆ 'ನೀವು'ಗೆ ಬಂದಿದ್ದಳು. "ನೀವು ಕೊಡಿ. ನಿಮ್ ಕೈಯಾರೆ ಕೊಡಿ. ಇಸ್ಕೊಂಡ್ರೆ ಇರ್ತಾನೆ. ಇಸ್ಕೊಳ್ದೆ ಓದ್ರೆ ಓದ. ಮಡ್ಕೆ ಒಡಿಯೋ ಕೆಲ್ಸಾನೂ ಉಳೀತು."

ಹೀಗೆ ಇಪ್ಪತ್ತು ವರ್ಷ ಏನು ಕೊಟ್ಟರೂ ಬೇಡ ಎಂದವನಿಗೆ, ನನ್ನದಲ್ಲದ ಹಬ್ಬಕ್ಕೆ, ನಾನೊಂದು ಉಡುಗೊರೆ ಹುಡುಕಬೇಕಾಯಿತು. ಮೊದಲು ಅವನನ್ನೇ ಕೇಳಿದೆ. ಕೇಳಿದೆ ಎಂದರೆ ಪೊಲೀಸಿನವರು ಕಳ್ಳನನ್ನು ಕೇಳುವ ಹಾಗೆ. ಜಗಲಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ್ಲಾ ಬೇಕು ನಿನ್ಗೆ?" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದ. ಬರಿಗೈಯೋ ಅಲ್ಲವೋ ಎಂದು ನೋಡಿಕೊಂಡು, "ವೇಂಡಾಂ," ಎಂದ.

ಅಂಗಡಿಗಳಿಗೆ ಹೋದೆ. ಶೆವ್ವಾಪೇಟೆಯಿಂದ ಹಿಡಿದು ಕೋಟೆಯವರೆಗೆ ಮೂರು ದಿನ ಸುತ್ತಿದೆ. ಬ್ಯಾಟರಿ ಲೈಟು ನೋಡಿದೆ. ಎಲ್ಲಿಗೂ ಹೋಗದವನಿಗೆ ಲೈಟು ಯಾಕೆ? ಕೈಗಡಿಯಾರ ನೋಡಿದೆ, ಯಾರಿಗೂ ಕಾಯದವನಿಗೆ ಗಡಿಯಾರ ಯಾಕೆ? ಕನ್ನಡಿ, ಬಾಚಣಿಗೆ, ವಾಸನೆ ಸೋಪು, ಕ್ಯಾನ್ವಾಸ್ ಶೂ ಎಲ್ಲವನ್ನೂ ಕೈಗೆತ್ತಿಕೊಂಡು ಅದರ ಪಕ್ಕದಲ್ಲಿ ಅವನ ಮುಖ ಇಟ್ಟು ನೋಡಿದೆ. ಯಾವುದೂ ಅವನ ಮುಖಕ್ಕೆ ಸೇರಲಿಲ್ಲ. ನನ್ನ ಮಗನಿಗೆ ಏನು ಇಷ್ಟ ಎಂದು ನನಗೆ ಒಂದೇ ಒಂದು ಸಂಗತಿಯೂ ಗೊತ್ತಿಲ್ಲ ಎನ್ನುವುದು ಆ ಮೂರು ದಿನದಲ್ಲಿ ಗೊತ್ತಾಯಿತು. ಅವನ ಬೆನ್ನು ಗೊತ್ತಿತ್ತು. ಇಬ್ಬರ ಮಗ್ಗವೂ ಒಂದೇ ಕೋಣೆಯಲ್ಲಿ, ಅವನು ನನಗೆ ಬೆನ್ನು ಹಾಕಿ ಕೂರುತ್ತಿದ್ದ.

ಕೊನೆಗೆ ಒಂದು ಅಂಗಡಿಯಲ್ಲಿ ಇಂಕು ಪೆನ್ನು ಇಷ್ಟವಾಯಿತು. ಮಿಷನ್ ಸ್ಕೂಲಿನಲ್ಲಿ ಎಂಟನೆಯವರೆಗೆ ಓದಿದವನಲ್ಲವೇ, ಬರೆಯಲಿ. ಅಂಗಡಿಯವನು ನಮ್ಮ ಬೀದಿಗೆ ಹೆಣ್ಣು ಕೊಟ್ಟವನು. ಯಾರಿಗೆ ಎಂದು ಕೇಳಿದ. ಮಗನಿಗೆ ಎಂದೆ.

"ಸತ್ತೋದೋನ್ಗೆ ಪೆನ್ ಯಾಕಣ್ಣ?" ಎಂದು ನಕ್ಕ.

ಆ ನಗು ಅವನ ಬಾಯಲ್ಲಿ ಮುಗಿಯಲು ಬಿಡಲಿಲ್ಲ. ಗಲ್ಲಾದ ಮೇಲಿಂದ ಕೈ ಹಾಕಿ, ಅಂಗಿಯ ಕುತ್ತಿಗೆ ಹಿಡಿದು ಎಳೆದು, ಬಾಯಿಗೇ ಹೊಡೆದೆ. ಪೆಪ್ಪರಮೆಂಟಿನ ಗಾಜಿನ ಜಾಡಿ ಉರುಳಿ ಬಿದ್ದು ಚೂರಾಯಿತು. ಅಕ್ಕಪಕ್ಕದವರು ನನ್ನನ್ನು ಹಿಡಿದು ಬೀದಿಗೆ ತಳ್ಳಿದರು. ಕೈಗೆ ಗಾಜು ಚುಚ್ಚಿತ್ತು. ನನಗೆ ಸಿಟ್ಟು ಬಂದದ್ದು ಪೆನ್ನಿಗಲ್ಲ. ನನ್ನ ಮಗ ಸತ್ತಿದ್ದಾನೆ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಿದ್ದಕ್ಕೆ. ಕಟ್ಟೆಯಲ್ಲಿ ಅದೇ ಮಾತಿಗೆ ತಲೆ ತಗ್ಗಿಸಿ ನಿಂತಿದ್ದವನೂ ನಾನೇ.

ಕೈಗೆ ಪಂಚೆಯ ತುದಿ ಸುತ್ತಿಕೊಂಡು ಬರುವಾಗ ಮಿಷನ್ನಿನ ಕಾಂಪೌಂಡಿನ ಗೋಡೆಯ ಹತ್ತಿರ ನಿಂತೆ. ಅಲ್ಲಿ ಗಂಟೆ ಹೊಡೆಯುವ ಮುದುಕ ಕಸ ಗುಡಿಸುತ್ತಿದ್ದ. ನಿಮ್ಮ ಹಬ್ಬಕ್ಕೆ ಏನು ಉಡುತ್ತೀರಿ ಎಂದು ತಮಿಳಿನಲ್ಲಿ ಕೇಳಿದೆ. ಹೊಸ ಬಟ್ಟೆ, ಅದೂ ಶುದ್ಧ ಬಿಳಿ ಎಂದ. ನಮ್ಮ ದೇವರಿಗೆ ಬಿಳಿ ಇಷ್ಟ, ಬಣ್ಣದ ಗೆರೆ ಕೂಡ ಬೇಡ ಎಂದು ತನ್ನ ಪಂಚೆಯ ಅಂಚಿಲ್ಲದ ತುದಿ ಎತ್ತಿ ತೋರಿಸಿದ. ಅದು ಮಿಲ್ಲಿನ ಬಟ್ಟೆ, ಕೆಟ್ಟ ನೇಯ್ಗೆ. ನನ್ನ ಮಗ ಹಬ್ಬಕ್ಕೆ ಇಂಥದ್ದನ್ನು ಉಡುತ್ತಾನಾ ಎಂದುಕೊಂಡೆ. ನೇಕಾರನ ಮಗ ಮಿಲ್ಲಿನ ಬಟ್ಟೆ ಉಡುವುದಾ? ಅಲ್ಲಿಗೆ ತೀರ್ಮಾನವಾಯಿತು.

ನನ್ನ ಮಗ್ಗದ ಮೇಲೆ ಒಂದೇ ಪಂಚೆಗೆ ಆಗುವಷ್ಟು ಪಾವು ಉಳಿದಿತ್ತು. ದಸರೆಗೆ ಮುಂಚೆ ಬೀದಿಯವರ ಕೈಯಲ್ಲಿ ಗಂಜಿ ಹಾಕಿಸಿದ್ದು, ಕೊನೆಯದು. ಬಿಳಿ ಎಳೆಗಳು, ಎರಡು ಪಕ್ಕಕ್ಕೆ ಅಂಚಿನ ಕೆಂಪು ಎಳೆಗಳು. ಆ ಕೆಂಪು ಎಳೆಗಳನ್ನು ಒಂದೊಂದಾಗಿ ಕಿತ್ತೆ. ಅವುಗಳ ಜಾಗಕ್ಕೆ ಬಿಳಿ ಎಳೆ ಕಟ್ಟಿದೆ. ಎರಡು ದಿನ ಹಿಡಿಯಿತು.

ಅಂಚಿಲ್ಲದ ಬಿಳಿ ಬಟ್ಟೆ ನಮ್ಮಲ್ಲಿ ಯಾವುದಕ್ಕೆ ಎಂದು ನನಗೆ ಗೊತ್ತಿರಲಿಲ್ಲವೇ? ನೇಕಾರನ ಮನೆಯ ಕೂಸಿಗೂ ಗೊತ್ತು. ಬದುಕಿರುವವರ ಬಟ್ಟೆಗೆ ಒಂದೆಳೆಯಾದರೂ ಬಣ್ಣದ ಅಂಚು ಇರಬೇಕು. ಅಂಚಿಲ್ಲದ್ದು ಹೆಣಕ್ಕೆ. ಮನೆಯಲ್ಲಿ ಸಾವಾದರೆ ಮಾತ್ರ ಅದನ್ನು ನೇಯುತ್ತಾರೆ. ಆದರೆ ನಾನು ನನಗೇ ಸಮಾಧಾನ ಹೇಳಿಕೊಂಡೆ: ನಮಗೆ ಸಾವಿನದು ಅವರಿಗೆ ಹಬ್ಬದ್ದು, ಊರಿಗೊಂದು ರೀತಿ. ಮಗನಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಿದರೆ ನಾನು ಸೋತ ಹಾಗೆ ಎನಿಸಿತು. ಹಬ್ಬದ ಬೆಳಿಗ್ಗೆ ಅವನ ಮುಂದೆ ಎಸೆದು, ತಗೋ ಎನ್ನಬೇಕು, ಅವನು ಬಾಯಿಬಿಟ್ಟು ನೋಡಬೇಕು, ಅಷ್ಟೇ ನನ್ನ ಆಸೆ. ಪಂಚೆಯ ತುದಿಪಟ್ಟಿಗೆ ಲಾಳಿಯೊಳಗೆ ಇಡುವ ಕೆಂಪು ನೂಲಿನ ಕಂಡಿಕೆ ಯಾಕೆ ಕೇಳಲಿಲ್ಲ ಎಂದು ಹೆಂಡತಿ ಕೇಳಿದಾಗ, ಮಿಷನ್ ಆಸ್ಪತ್ರೆಯ ಆರ್ಡರು, ಬಾಯಿ ಮುಚ್ಚು ಎಂದೆ.

ನೇಯ್ದೆ. ಅಷ್ಟು ನಯವಾಗಿ ನಾನು ಜೀವನದಲ್ಲಿ ನೇಯ್ದಿರಲಿಲ್ಲ. ಕೈಗೆ ಗಾಜು ಚುಚ್ಚಿದ ಗಾಯ ಬಿಚ್ಚಿಕೊಳ್ಳುತ್ತಿತ್ತು, ಬಟ್ಟೆಗೆ ರಕ್ತ ತಾಗದಂತೆ ಎಲೆ ಕಟ್ಟಿಕೊಂಡು ನೇಯ್ದೆ. ಎಂಟು ಮೊಳದಲ್ಲಿ ಆರು ಮೊಳ ಆಗಿತ್ತು, ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಆಗ ಯಜಮಾನ ಬಂದ.

ಬಾಗಿಲಲ್ಲಿ ನಿಂತು ಮಗ್ಗದ ಕಡೆ ನೋಡಿದ. ಒಳಗೆ ಬಂದು ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನ ಮುಖ ಅರಳಿತು.

"ಶಾಬಾಸ್," ಎಂದು ನನ್ನ ಬೆನ್ನು ತಟ್ಟಿದ. "ಎತ್ತ ಅಪ್ಪನೇ ನೇಯ್ಬೇಕು, ಅದೇ ಮರ್ಯಾದೆ. ಮಡ್ಕೆ ಯಾವತ್ ಒಡೀತೀಯಾ ಏಳು, ಬೀದಿ ಪೂರಾ ಬತ್ತೀವಿ."

ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ನಾನು ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ಅವನ ಎದೆಯ ಮೇಲಿನ ವಸ್ತ್ರ ಹಿಡಿದು ಗೋಡೆಗೆ ಬಡಿದೆ. ಪೇಟ ಉದುರಿತು. ತುಟಿ ಒಡೆದು ಬಿಳಿ ಮೀಸೆಗೆ ರಕ್ತ ಇಳಿಯಿತು. ಅಪ್ಪನ ವಯಸ್ಸಿನವನು, ನನ್ನ ಮದುವೆಗೆ ತಾಳಿ ಮುಟ್ಟಿ ಕೊಟ್ಟವನು. ಮತ್ತೆ ಬಡಿದೆ. ಹೆಂಡತಿ ಹಿಂದಿನಿಂದ ನನ್ನ ಕೂದಲು ಹಿಡಿದು ಎಳೆದಳು. ಯಜಮಾನ ಪೇಟ ಎತ್ತಿಕೊಂಡು, "ನಿನ್ ಮನೆ ಮುಂದೆ ಇನ್ಮೇಲೆ ನಾಯೀನೂ ಓಡಾಡಲ್ಲ, ನೋಡ್ತಿರು," ಎಂದು ಬೀದಿಗಿಳಿದ.

ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಮಗ ನಿಂತಿದ್ದ. ಯಾವಾಗ ಬಂದನೋ ತಿಳಿಯದು. ಅವನು ಯಜಮಾನನನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಮಗ್ಗದ ಮೇಲಿನ ಬಟ್ಟೆಯ ಆ ಅಂಚಿನಿಂದ ಈ ಅಂಚಿಗೆ ನೋಡುತ್ತಿದ್ದ. ಅವನೂ ನೇಕಾರನೇ.

ಇದು ನಿನ್ನ ಹಬ್ಬಕ್ಕೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಹೇಳಿದ್ದು ಬೇರೆ. "ಏನ್ ನೋಡ್ತೀಯಲಾ? ಓಗು ಆಚೆ."

ಕೆರೆಯ ಕಡೆ ಹೋಗಿ, ತಲೆಯ ಮೇಲೆ ನೀರು ಸುರಿದುಕೊಂಡು, ಬಿಸಿಲಲ್ಲಿ ಕೂತು, ಸಿಟ್ಟು ಇಳಿದ ಮೇಲೆ ಎದ್ದು ಬಂದೆ. ದಾರಿಯಲ್ಲಿ ತೀರ್ಮಾನ ಮಾಡಿದ್ದೆ, ಮನೆಗೆ ಹೋದ ಕೂಡಲೇ ಅವನಿಗೆ ಹೇಳಿಬಿಡುತ್ತೇನೆ ಎಂದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಕೊಯ್ದವನಿಗೆ ಮಾತ್ರ ತಡವಾಗಿ ಗೊತ್ತಾಗುತ್ತದೆ.

ಪಾವು ಕಡಿದು ಬಿದ್ದಿತ್ತು. ನೇಯ್ದ ಬಟ್ಟೆ ದಿಂಡಿಗೆ ಸುತ್ತಿದ್ದ ಹಾಗೆಯೇ ಇತ್ತು. ಅದರಾಚೆಯ ಎಳೆಗಳೆಲ್ಲ ಚೂರಿಯಲ್ಲಿ ಅಡ್ಡಕ್ಕೆ ಕೊಯ್ದು, ಒಣ ಹುಲ್ಲಿನ ಹಾಗೆ ಕುಣಿಯೊಳಗೆ ಇಳಿಬಿದ್ದಿದ್ದವು. ನಮ್ಮಲ್ಲಿ ಮಗ್ಗದ ಮೇಲಿನ ಪಾವಿಗೆ ಚೂರಿ ಹಾಕುವುದು ಬಸುರಿಗೆ ಒದ್ದ ಹಾಗೆ. ಹಗೆಯವನೂ ಮಾಡುವುದಿಲ್ಲ. ಮಗ ಚೂರಿ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದ. ಓಡಿರಲಿಲ್ಲ. ನಾನು ಬರಲಿ ಎಂದೇ ಕಾದಿದ್ದ.

ಕೆರೆಯಿಂದ ತಂದ ಶಾಂತಿ ಎಲ್ಲಿ ಹೋಯಿತೋ. ಎಳೆಗಳ ನಡುವಿನಿಂದ ಬಿದ್ದಿದ್ದ ಬಿದಿರ ಕೋಲು ಎತ್ತಿಕೊಂಡೆ. ಭುಜಕ್ಕೆ ಹೊಡೆದೆ, ಬೆನ್ನಿಗೆ ಹೊಡೆದೆ, ಮೊಣಕೈಗೆ ಹೊಡೆದೆ. ಚೂರಿ ಕೆಳಗೆ ಬಿತ್ತು. ಕೋಲು ಸೀಳಿತು, ಸೀಳಿದ ಕೋಲಿನಲ್ಲೇ ಹೊಡೆದೆ. ಅವನು ಮುಖಕ್ಕೆ ಕೂಡ ಕೈ ಅಡ್ಡ ಹಿಡಿಯಲಿಲ್ಲ. ಹೆಂಡತಿ ನಡುವೆ ನುಗ್ಗಿದಳು, ಅವಳ ಮುಂಗೈಗೂ ಒಂದು ಬಿತ್ತು. ಆಗ ಅವನು ಬಾಯಿ ಬಿಟ್ಟ. ಎರಡೂವರೆ ತಿಂಗಳಲ್ಲಿ ಆ ಒಂದು ವೇಂಡಾಂ ಬಿಟ್ಟರೆ ಮೊದಲ ಮಾತು, ಅದೂ ಕನ್ನಡದಲ್ಲಿ.

"ಬಿಡಮ್ಮ, ಒಡೀಲಿ," ಎಂದ. ಕೂಗಲಿಲ್ಲ. "ನನ್ ಎಣದ ಬಟ್ಟೆ ನೇಯ್ದಾಯ್ತಲ್ಲಪ್ಪ. ಒಡಿ. ಸತ್ತೋನ್ಗೆ ನೋಯಲ್ಲ."

ಕೋಲು ಮೇಲೆತ್ತಿದ್ದು ಮೇಲೆಯೇ ನಿಂತಿತು.

"ಎಣದ್ದಾ?" ಎಂದೆ. ನನ್ನ ಗಂಟಲು ಹರಿದುಹೋಗುವ ಹಾಗೆ ಕೂಗಿದೆ. "ನಿನ್ ಅಬ್ಬದ್ದು ಕಣ್ಲಾ ಅದು, ಮುಟ್ಟಾಳ. ನಿಮ್ ದೇವಸ್ಥಾನದಾಗೆ ಬಿಳೀದೇ ಉಡ್ತಾರಂತಲ್ಲಾ. ಗೆರೆ ಕೂಡ ಬೇಡ ಅಂತಾರಂತಲ್ಲಾ. ನಿನ್ಗೇಂತ ಕೆಂಪ್ ಎಳೆ ಎಲ್ಲಾ ಕಿತ್ತೆ ಕಣ್ಲಾ."

ಹೆಂಡತಿ ಹೊಡೆತ ಬಿದ್ದ ಕೈ ಹಿಡಿದುಕೊಂಡು ನೆಲಕ್ಕೆ ಕೂತಳು. ಮಗ ನನ್ನ ಮುಖ ನೋಡಿದ. ನಾನು ಅಳುತ್ತಿದ್ದೇನೆ ಎಂದು ನನಗೆ ಅವನ ಕಣ್ಣು ನೋಡಿದ ಮೇಲೆ ತಿಳಿಯಿತು. ಅವನು ಬಗ್ಗಿ ಗೋಡೆಯ ಬದಿಗೆ ಬಿದ್ದಿದ್ದ ಕೆಂಪು ಎಳೆಗಳ ಸಿಕ್ಕನ್ನು ಎತ್ತಿಕೊಂಡ, ಬೆರಳಲ್ಲಿ ಹೊರಳಿಸಿದ, ಮತ್ತೆ ಅಲ್ಲೇ ಇಟ್ಟ. ಆಮೇಲೆ ದಿಂಡಿನ ಬಟ್ಟೆ ಬಿಚ್ಚಿ, ಮೊಳ ಹಾಕಿ ಅಳೆದ. ಆರು ಮೊಳ. ಎರಡು ಮೊಳ ಕಡಿಮೆ. ಒಂದು ಕೈ ಎತ್ತಲಾಗುತ್ತಿರಲಿಲ್ಲ, ಒಂದೇ ಕೈಯಲ್ಲಿ ಮಡಿಸಿ, ಎತ್ತಿಕೊಂಡು ಜಗಲಿಗೆ ಹೋದ. ಇಸಿದುಕೊಂಡ ಎಂದು ಹೇಳಬಹುದೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಕೊಟ್ಟೂ ಇರಲಿಲ್ಲ. ಹಬ್ಬದ ಮಾರನೆಯ ದಿನ ಹೋಗುತ್ತೀಯಾ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕ್ರಿಸ್ಮಸ್ಸಿನ ಬೆಳಿಗ್ಗೆ ಅವನು ಸ್ನಾನ ಮಾಡಿ ಬಂದು, ಅದನ್ನೇ ಉಡಲು ತೆಗೆದ. ತಾಯಿ ಓಡಿ ಹೋಗಿ ಅರಿಶಿನ ತಂದಳು. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಉಡಬಾರದು ಎನ್ನುವುದು ಅವಳ ಹಟ. ಮೂಲೆಗೆ ಒಂದು ಬೊಟ್ಟು ಹಚ್ಚಿದಳು. ಅವನು ವೇಂಡಾಂ ಎನ್ನಲಿಲ್ಲ. ಎರಡು ಮೊಳ ಕಡಿಮೆಯಾದ್ದರಿಂದ ನೆರಿಗೆಗೆ ಬಟ್ಟೆ ಸಾಲಲಿಲ್ಲ, ಸುತ್ತಿ ಸಿಕ್ಕಿಸಿಕೊಂಡ, ಅಷ್ಟೇ. ಅವನ ಎಡಗೈಯನ್ನು ತಾಯಿ ಹಳೆ ಸೀರೆಯ ತುಂಡಿನಲ್ಲಿ ಕುತ್ತಿಗೆಗೆ ಕಟ್ಟಿದ್ದಳು.

ಹಿತ್ತಲ ಕಡೆ ತಿರುಗಿದವನಿಗೆ ನಾನು, "ಮುಂದ್ಗಡೆಯಿಂದ ಓಗು," ಎಂದೆ.

ಬೀದಿಯಲ್ಲಿ ಅವತ್ತು ಯಜಮಾನನ ಮನೆಯ ಪಾವು ಹಾಸಿತ್ತು. ಈ ತುದಿಯಿಂದ ಆ ತುದಿಗೆ ಬಿಳಿ ನೂಲು, ಎರಡು ಪಕ್ಕದಲ್ಲಿ ಕುಂಚ ಹಿಡಿದ ಹತ್ತು ಜನ. ನನ್ನ ಮಗ ಹೊಸ್ತಿಲು ಇಳಿದ ಕೂಡಲೇ ಕುಂಚಗಳು ನಿಂತವು. ಹೆಣದ ಬಟ್ಟೆ ಉಟ್ಟು, ಹುಬ್ಬಿನ ಮೇಲೆ ಗಾಯದ ಕಲೆ ಹೊತ್ತು, ಯಾರ ತಿಥಿಗೆ ಬೀದಿಯೆಲ್ಲ ಕಾದಿತ್ತೋ ಅವನು ಪಾವಿನ ಪಕ್ಕದಲ್ಲಿ ನಡೆದು ಹೋಗುತ್ತಿದ್ದ. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಯಾರೋ ಥೂ ಎಂದು ಉಗಿದರು. ಗಂಜಿ ಒಣಗುತ್ತಿತ್ತು, ಯಾರಿಗೂ ಅದರ ಕಡೆ ಗಮನವಿರಲಿಲ್ಲ. ಅವನು ಪಾವಿಗೆ ಮೈ ತಾಗದಂತೆ, ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು, ಓರೆಯಾಗಿ ನಡೆದ. ನೇಕಾರನ ಮಗ ಹಗೆಯವನ ಪಾವನ್ನೂ ಮುಟ್ಟಿ ಕೆಡಿಸುವುದಿಲ್ಲ. ಮನೆಯದನ್ನು ಕಡಿದದ್ದು ಅವನಿಗೆ ಎಷ್ಟು ಕಷ್ಟವಾಗಿತ್ತು ಎಂದು ಅಲ್ಲಿ ನಿಂತು ನನಗೆ ಗೊತ್ತಾಯಿತು.

ಅರ್ಧ ಬೀದಿ ದಾಟಿದ್ದ. ಯಜಮಾನನ ಜಗಲಿಯಿಂದ ಒಂದು ಕಲ್ಲು ಬಂತು. ಕಿವಿಯ ಹಿಂದೆ ತಾಗಿತು. ಅವನು ತೂರಾಡಿ, ನಿಂತು, ಮತ್ತೆ ನಡೆದ. ಬಿಳಿ ಪಂಚೆಯ ಹಿಂಭಾಗಕ್ಕೆ ಎರಡು ಹನಿ ಕೆಂಪು ಬಿತ್ತು.

ನನ್ನ ಕಾಲು ನನ್ನನ್ನು ಕೇಳಲಿಲ್ಲ. ಗಂಜಿ ಮಡಕೆಯ ಒಲೆಗೆ ಇಟ್ಟಿದ್ದ ಕಲ್ಲೊಂದನ್ನು ಕಿತ್ತುಕೊಂಡು ಓಡಿದೆ, ತಲೆಯಷ್ಟು ದಪ್ಪದ್ದು, ಇನ್ನೂ ಬಿಸಿ ಇತ್ತು. ಕುಂಚ ಹಿಡಿದವರು ಇಬ್ಬರು ಅಡ್ಡ ಬಂದರು, ಭುಜದಿಂದ ನೂಕಿದೆ. ಯಜಮಾನ ಜಗಲಿಯ ಕಂಬಕ್ಕೆ ಬೆನ್ನು ಹಚ್ಚಿ ಕೂತಿದ್ದ. ಒಡೆದ ತುಟಿ ಇನ್ನೂ ಊದಿತ್ತು. ಎಸೆದವನು ಅವನೋ, ಅವನ ಹಿಂದೆ ನಿಂತವರೋ, ನಾನು ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಎರಡೂ ಕೈಯಲ್ಲಿ ಕಲ್ಲನ್ನು ತಲೆಯ ಮೇಲೆ ಎತ್ತಿದೆ. ಮುದುಕ ಕಣ್ಣು ಮುಚ್ಚಿಕೊಂಡ. ಅವತ್ತು ಅದನ್ನು ಹಾಕಿದ್ದರೆ ಒಂದು ಹೆಣ ಬೀಳುತ್ತಿತ್ತು, ನಾನು ಈಗ ಬರೆಯುತ್ತ ಕೂತಿರುತ್ತಿರಲಿಲ್ಲ.

"ಅಪ್ಪ."

ಬೀದಿಯ ನಡುವೆ ಅವನು ತಿರುಗಿ ನಿಂತಿದ್ದ. ಕಿವಿಯ ಹಿಂದಿನಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. ಅವನು ಯಜಮಾನನನ್ನು ನೋಡಲಿಲ್ಲ, ಜನರನ್ನು ನೋಡಲಿಲ್ಲ. ಜಗಲಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಾನು ಕೇಳಿದ ದಿನ ನೋಡಿದ ಹಾಗೆಯೇ, ನನ್ನ ಕೈಗಳನ್ನು ನೋಡಿದ.

"ಕಲ್ ಕೆಳಗ್ ಆಕಪ್ಪ," ಎಂದ. "ನನ್ಗೆ ಬೇರೆ ಏನೂ ಬೇಡ."

ಇಪ್ಪತ್ತು ವರ್ಷದಲ್ಲಿ ಅವನು ನನ್ನಿಂದ ಕೇಳಿದ್ದು ಅದೊಂದೇ. ಕಲ್ಲನ್ನು ನಿಧಾನವಾಗಿ ಇಳಿಸಿ, ಜಗಲಿಯ ಮೇಲೆ, ಯಜಮಾನನ ಕಾಲ ಪಕ್ಕದಲ್ಲಿ ಇಟ್ಟೆ. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಎರಡೂ ಕೈಯನ್ನು ಅವನಿಗೆ ಕಾಣುವ ಹಾಗೆ ಬಿಡಿಸಿ ಹಿಡಿದೆ. ಅವನು ನೋಡಿದ, ತಲೆಯಾಡಿಸಿದ, ಆದರೆ ಹೊರಡಲಿಲ್ಲ. ನಾನು ಬರುವವರೆಗೆ ಅಲ್ಲೇ ನಿಂತಿದ್ದ.